ಅಪ್ಪನ ಟ್ರಂಕಿನಲ್ಲಿದ್ದ ಬಿಲ್ಲು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಕಾರನಲ್ಲ. ಇದೇ ಶಾಲೆಯಲ್ಲಿ 1988ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಈಗ ಬಸ್ ನಿಲ್ದಾಣದ ಹತ್ತಿರ ಒಂದು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ನಿಮ್ಮಲ್ಲಿ ಹಲವರ ಮನೆಯ ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ ನನ್ನ ಕೈಯಿಂದ ಹೋಗಿವೆ. ತಪ್ಪಾಗಿದ್ದರೆ ಬಂದು ಬೈದೂ ಹೋಗಿದ್ದೀರಿ. ಮುಖ್ಯೋಪಾಧ್ಯಾಯರು ಬಂದು, "ಮಕ್ಕಳಿಗೆ ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳಿ" ಎಂದರು. ಕಂಪ್ಯೂಟರಿನ ಬಗ್ಗೆ ನನಗಿಂತ ಈ ಮಕ್ಕಳಿಗೇ ಜಾಸ್ತಿ ಗೊತ್ತು. ಆದರೆ ಕಂಪ್ಯೂಟರ್ ಕೆಟ್ಟ ದಿನ ಏನಾಗುತ್ತದೆ ಎಂಬುದು ನನಗೆ ಗೊತ್ತು. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಆ ತಪ್ಪಿನಿಂದ ಈ ಶಾಲೆಗೂ ತೊಂದರೆಯಾಯಿತು. ಅದನ್ನು ಇಲ್ಲೇ ನಿಂತು ಹೇಳಬೇಕು ಅನ್ನಿಸಿ ಒಪ್ಪಿಕೊಂಡೆ.

ಮೊದಲು ಅಂಗಡಿಯ ಕಥೆ. ಶಾಲೆ ಮುಗಿದ ಮೇಲೆ ನಾನು ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವುದು. ಆ ಮೊಳೆಗಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೊಂಡವನದೇ ಮೊಳೆ. ಪ್ರೆಸ್ಸು ಬದಲಾಯಿಸಿದರೆ ಗೋಣಿಚೀಲದಲ್ಲಿ ತುಂಬಿಕೊಂಡು ಹೋಗಬಹುದಿತ್ತು. ಆಮೇಲೆ ಕಂಪ್ಯೂಟರ್ ಬಂತು. ನಾನು ಬೆಂಗಳೂರಿನಲ್ಲಿ ಡಿಟಿಪಿ ಕಲಿತು 2003ರಲ್ಲಿ ಊರಿಗೆ ಬಂದು ಅಂಗಡಿ ತೆರೆದೆ.

ಕಂಪ್ಯೂಟರನ್ನು ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೂಡಿಸಿ ಮಾಡಿಸಿದೆವು. ಅದರ ಜೊತೆಗೆ ಕನ್ನಡ ಟೈಪ್ ಮಾಡುವ ತಂತ್ರಾಂಶ ಬೇಕಲ್ಲ, ಅದನ್ನೂ ಕೊಂಡೆವು. ಅದರ ಬೆಲೆ ಕೇಳಿ ಅಪ್ಪ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಕಂಪ್ಯೂಟರಿನ ಅರ್ಧ ಬೆಲೆ! ನಮ್ಮಪ್ಪ ರೀಲರ್. ಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡು ರೇಷ್ಮೆ ಬಿಚ್ಚುತ್ತಿದ್ದವರು. ಆ ವಾರ ರೇಷ್ಮೆ ಮಾರಿದ ದುಡ್ಡನ್ನು ಅಂಗಡಿಯವನ ಮೇಜಿನ ಮೇಲೆ ಎಣಿಸಿಟ್ಟು, "ಇಷ್ಟಕ್ಕೆ ಏನಪ್ಪ ಕೊಡ್ತೀಯ?" ಅಂದರು. ಅವನು ಒಂದು ಸಿ.ಡಿ. ಕೊಟ್ಟ, ಹೆಬ್ಬೆಟ್ಟಿನ ಗಾತ್ರದ ಒಂದು ಡಬ್ಬಿ ಕೊಟ್ಟ. ಅದಕ್ಕೆ ನಾವು 'ಲಾಕ್' ಅನ್ನುತ್ತಿದ್ದೆವು. ಕೆಲವರು ಡಾಂಗಲ್ ಅನ್ನುತ್ತಾರೆ. ಅದನ್ನು ಕಂಪ್ಯೂಟರಿನ ಹಿಂದೆ ಪ್ರಿಂಟರ್ ಸಿಕ್ಕಿಸುವ ಜಾಗಕ್ಕೆ ಸಿಕ್ಕಿಸಿದರೆ ಮಾತ್ರ ತಂತ್ರಾಂಶ ತೆರೆಯುತ್ತಿತ್ತು. ತೆಗೆದರೆ ಇಲ್ಲ. ಅಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಒಂದು ಗೂಡಿನಷ್ಟೂ ತೂಕ ಇಲ್ಲ" ಅಂದರು. ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆ ಬಿಲ್ಲನ್ನು ಆಮೇಲೆ ನಾನು ಮರೆತೇಬಿಟ್ಟೆ.

ಆ ಕಾಲದ ಕನ್ನಡದ ಕಥೆಯನ್ನು ಮಕ್ಕಳಿಗೆ ಸ್ವಲ್ಪ ಹೇಳಬೇಕು. ಕಂಪ್ಯೂಟರಿಗೆ ಕನ್ನಡ ಕಲಿಸಿದವರು ಒಬ್ಬಿಬ್ಬರಲ್ಲ. ಕೆ.ಪಿ. ರಾವ್ ಅವರು ಸುಲಭವಾಗಿ ಟೈಪ್ ಮಾಡುವ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. ಇವತ್ತು ಸರ್ಕಾರಿ ಕಚೇರಿಗಳಲ್ಲಿ ಬಳಸುವ ವಿನ್ಯಾಸ ಅದರಿಂದ ಬಂದದ್ದು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ಬಂತು. ಇವುಗಳ ಜೊತೆಗೆ ದುಡ್ಡು ಕೊಟ್ಟು ಕೊಳ್ಳುವ ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳು. ಪತ್ರಿಕೆಯವರು, ಪ್ರೆಸ್ಸಿನವರು ಇವನ್ನೇ ಬಳಸುತ್ತಿದ್ದರು. ಏಕೆಂದರೆ ಇವುಗಳಲ್ಲಿ ಅಂದವಾದ ಅಕ್ಷರಶೈಲಿಗಳು, ಅಂದರೆ ಫಾಂಟುಗಳು, ತುಂಬ ಇದ್ದವು. ತೊಂದರೆ ಏನೆಂದರೆ, ಒಬ್ಬೊಬ್ಬರದು ಒಂದೊಂದು ಲೆಕ್ಕ. ಕಂಪ್ಯೂಟರಿಗೆ ಅಕ್ಷರ ಅನ್ನುವುದು ಒಂದು ಸಂಖ್ಯೆ ಅಷ್ಟೆ. ಒಂದು ಕಂಪನಿ ಒಂದು ಸಂಖ್ಯೆಗೆ 'ಕ' ಎಂದರೆ, ಇನ್ನೊಂದು ಅದೇ ಸಂಖ್ಯೆಗೆ 'ಮ' ಎನ್ನುತ್ತಿತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಕನ್ನಡ ಕಾಣಿಸುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಚುಕ್ಕಿ ಇಟ್ಟ ಹಾಗೆ ಏನೇನೋ ಕಾಣಿಸುತ್ತಿತ್ತು.

ನಾನು ಹನ್ನೆರಡು ವರ್ಷ ಒಂದೇ ಕಂಪ್ಯೂಟರ್, ಒಂದೇ ತಂತ್ರಾಂಶ, ಒಂದೇ ಲಾಕ್ ಇಟ್ಟುಕೊಂಡು ಅಂಗಡಿ ನಡೆಸಿದೆ. ಎಲ್ಲವೂ ಚೆನ್ನಾಗಿ ನಡೆಯುವಾಗ ಯಾರೂ ಯೋಚನೆ ಮಾಡುವುದಿಲ್ಲ. ನಾನೂ ಮಾಡಲಿಲ್ಲ.

ಈಗ ನಮ್ಮ ಕನ್ನಡ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಹಳೆಯ ವಿದ್ಯಾರ್ಥಿಗಳಿಗೆಲ್ಲ ಅವರು ಗೊತ್ತು. ಅವರ ಹೆಸರು ಹೇಳಿದರೆ ಮೇಲಿಂದಲೇ ಬೈಯುತ್ತಾರೆ, "ನನ್ನ ಹೆಸರು ಯಾಕೋ, ಪುಸ್ತಕದ ವಿಷಯ ಹೇಳು" ಅಂತ. ಬೇಸಿಗೆ ರಜೆಗೆ ಮುಂಚೆ ಅವರು ಕೊಡುತ್ತಿದ್ದ ಮನೆಗೆಲಸ ನೆನಪಿದೆಯಲ್ಲ? "ಅಜ್ಜಿಯ ಹತ್ತಿರ ಕೂತು ಐದು ಗಾದೆ, ಎರಡು ಒಗಟು, ಒಂದು ಸೋಬಾನೆ ಪದ ಬರೆದುಕೊಂಡು ಬನ್ನಿ." ನಾವು ಬೈದುಕೊಂಡೇ ಬರೆಯುತ್ತಿದ್ದೆವು. ಅವರು ಆ ಹಾಳೆಗಳನ್ನು ಎಸೆಯಲಿಲ್ಲ. ಮೂವತ್ತು ವರ್ಷದ ಹಾಳೆಗಳನ್ನೂ ಜೋಪಾನ ಮಾಡಿದ್ದರು. ಈ ಊರು, ಸುತ್ತಲಿನ ಹಳ್ಳಿಗಳು, ಯಾವ ಪದವನ್ನು ಯಾವ ಅಜ್ಜಿ ಹೇಳಿದ್ದು, ಯಾವ ಹುಡುಗ ಬರೆದುಕೊಂಡದ್ದು, ಎಲ್ಲವೂ ಅದರಲ್ಲಿತ್ತು. ನಮ್ಮಜ್ಜಿ ಹೇಳಿದ ಒಗಟೂ ಇತ್ತು. ನಿವೃತ್ತರಾದ ಮೇಲೆ ಅವನ್ನೆಲ್ಲ ಒಪ್ಪ ಮಾಡಿ ಪುಸ್ತಕ ತರಬೇಕೆಂದು ನನ್ನ ಹತ್ತಿರ ಬಂದರು.

ಎರಡು ವರ್ಷ ಸಂಜೆ ಹೊತ್ತು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ. ಅವರು ಪರದೆಯ ಮೇಲೆ ಬೆರಳಿಟ್ಟು ತಿದ್ದಿಸುತ್ತಿದ್ದರು. 186 ಪುಟ ಆಯಿತು. ತಿದ್ದಿದ್ದೆಲ್ಲ ಕಂಪ್ಯೂಟರಿನಲ್ಲೇ ಉಳಿಯಿತು. ಟೈಪ್ ಆದ ಹಾಳೆಗಳನ್ನು ಅವರು ಮನೆಗೆ ಒಯ್ದು ಅಟ್ಟದ ಮೇಲೆ ಇಟ್ಟರು. ಅಲ್ಲಿ ಗೆದ್ದಲು ಹಿಡಿಯಿತು. "ಹೋಗಲಿ ಬಿಡಪ್ಪ, ನಿನ್ನ ಪೆಟ್ಟಿಗೆಯೊಳಗೆ ಇದೆಯಲ್ಲ" ಅಂದರು.

2015ರ ಜೂನ್. ಒಂದು ಸಂಜೆ ಮಳೆ ಬಂದು ಕರೆಂಟು ಹೋಯಿತು. ಮತ್ತೆ ಬಂದಾಗ ಬಲ್ಬುಗಳು ಬೆಳ್ಳಗೆ ಉರಿದವು. ಕಂಪ್ಯೂಟರಿನ ಹಿಂದಿನಿಂದ ಸುಟ್ಟ ವಾಸನೆ ಬಂತು. ಮಾರನೆಯ ದಿನ ರಿಪೇರಿಯ ಹುಡುಗ ಬಿಚ್ಚಿ ನೋಡಿ, "ಮದರ್‌ಬೋರ್ಡ್ ಹೋಗಿದೆ ಅಣ್ಣ. ಹಾರ್ಡ್‌ಡಿಸ್ಕ್ ಚೆನ್ನಾಗಿದೆ. ನಿಮ್ಮ ಫೈಲುಗಳು ಎಲ್ಲೂ ಹೋಗಿಲ್ಲ" ಎಂದ. ಹಾಲು ಕುಡಿದಷ್ಟು ಸಂತೋಷವಾಯಿತು. ಹೊಸ ಕಂಪ್ಯೂಟರ್ ತಂದು ಫೈಲುಗಳನ್ನೆಲ್ಲ ಅದಕ್ಕೆ ಹಾಕಿಸಿದೆ.

ಆಮೇಲೆ ಲಾಕ್ ಸಿಕ್ಕಿಸಲು ಹೋದರೆ, ಹೊಸ ಕಂಪ್ಯೂಟರಿನಲ್ಲಿ ಆ ಜಾಗವೇ ಇಲ್ಲ! ಪ್ರಿಂಟರುಗಳೆಲ್ಲ ಯು.ಎಸ್.ಬಿ.ಗೆ ಬಂದು ವರ್ಷಗಳಾಗಿದ್ದವು. ಹಳೆಯ ಸಿ.ಡಿ. ಹಾಕಿದರೆ ಅದೂ ನಡೆಯಲಿಲ್ಲ. ಹಳೆಯದು ವಿಂಡೋಸ್ ಎಕ್ಸ್‌ಪಿ. ಹೊಸದು 64 ಬಿಟ್‌ನ ವಿಂಡೋಸ್. ತಂತ್ರಾಂಶ ಹಳೆಯ ಕಾಲದ್ದು, ಹೊಸ ಮನೆಗೆ ಒಗ್ಗಲಿಲ್ಲ. ಮೇಷ್ಟ್ರ ಫೈಲನ್ನು ಬೇರೆ ಯಾವುದರಲ್ಲೋ ತೆರೆದು ನೋಡಿದೆ. 186 ಪುಟವೂ ಇತ್ತು. ಒಂದು ಅಕ್ಷರವನ್ನೂ ಓದಲಾಗಲಿಲ್ಲ. ಫೈಲು ಎಲ್ಲೂ ಹೋಗಿರಲಿಲ್ಲ, ಆದರೂ ನನ್ನ ಕೈಯಲ್ಲಿರಲಿಲ್ಲ.

ಮಾರಿದ ಅಂಗಡಿಗೆ ಫೋನ್ ಮಾಡಿದೆ. ಅದು ಮುಚ್ಚಿತ್ತು. ಕಂಪನಿಯ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಹೆಣ್ಣುಮಗಳು ಮರ್ಯಾದೆಯಿಂದಲೇ ಕೇಳಿದಳು: "ಸಾರ್, ಬಿಲ್ ನಂಬರ್ ಹೇಳಿ, ಸೀರಿಯಲ್ ನಂಬರ್ ಹೇಳಿ, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಹೇಳಿ." ಲಾಕ್ ಮೇಲಿನ ಚೀಟಿಯ ಅಕ್ಷರ ಹನ್ನೆರಡು ವರ್ಷದ ಧೂಳಿನಲ್ಲಿ ಅಳಿಸಿಹೋಗಿತ್ತು. ಬಿಲ್ಲು ನನ್ನ ಹತ್ತಿರ ಇರಲಿಲ್ಲ. "ಬಿಲ್ಲಿಲ್ಲದೆ ಬದಲಿ ಕೊಡೋಕಾಗಲ್ಲ ಸಾರ್, ಹೊಸದಾಗಿ ತಗೋಬೇಕಾಗುತ್ತೆ" ಎಂದಳು. ಆಗತಾನೆ ಕಂಪ್ಯೂಟರಿಗೆ ದುಡ್ಡು ಸುರಿದಿದ್ದೆ. ಅಂಗಡಿ ಒಂದು ವಾರದಿಂದ ಮುಚ್ಚಿತ್ತು. ಆಷಾಢ ಕಳೆದರೆ ಲಗ್ನಪತ್ರಿಕೆಯ ಕಾಲ.

ಇಲ್ಲಿ ನಾನು ತಪ್ಪು ಮಾಡಿದೆ. ಪರಿಚಯದ ಒಬ್ಬ ಹುಡುಗ ಬಂದು, "ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ತೀರಾ ಅಣ್ಣ, ಲಾಕ್ ಇಲ್ಲದೇ ನಡೆಯೋದು ನನ್ನ ಹತ್ತಿರ ಇದೆ" ಎಂದು ಪೆನ್‌ಡ್ರೈವ್ ತಂದ. ಕದ್ದ ಪ್ರತಿ. ನಾನು ನನಗೇ ಸಮಾಧಾನ ಹೇಳಿಕೊಂಡೆ: ದುಡ್ಡು ಕೊಟ್ಟು ಕೊಂಡದ್ದು ನಿಜ ತಾನೆ, ನನ್ನದನ್ನೇ ನಾನು ಬಳಸಿದರೆ ತಪ್ಪೇನು? ಹಾಕಿಸಿದೆ. ತೆರೆಯಿತು. ಮೇಷ್ಟ್ರ ಪುಸ್ತಕ ಕಣ್ಣೆದುರು ಬಂತು. ಕುಣಿದಾಡುವಷ್ಟು ಖುಷಿಯಾಯಿತು.

ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, "ನಿಮ್ಮ ಅಂಗಡಿಗೆ ಕೊಟ್ಟ ಪೆನ್‌ಡ್ರೈವಿನಲ್ಲಿ ಫೈಲೆಲ್ಲ ಮಾಯ" ಎಂದು ದೂರಲು ಶುರುಮಾಡಿದರು. ಆ ಕದ್ದ ಪ್ರತಿಯ ಜೊತೆ ವೈರಸ್ ಬಂದಿತ್ತು. ಆಗ ಅದನ್ನು ಶಾರ್ಟ್‌ಕಟ್ ವೈರಸ್ ಅನ್ನುತ್ತಿದ್ದರು. ನಿಜವಾದ ಫೈಲುಗಳನ್ನು ಮರೆಮಾಡಿ ಅವುಗಳ ಜಾಗದಲ್ಲಿ ಹುಸಿ ಚಿತ್ರಗಳನ್ನು ಇಡುವುದು ಅದರ ಕೆಲಸ. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹರಡುತ್ತಿತ್ತು. ಅದೇ ಸಮಯದಲ್ಲಿ ಈ ಶಾಲೆಯ ಕಚೇರಿಯಿಂದ ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಪೆನ್‌ಡ್ರೈವ್ ಬಂದಿತ್ತು. ಅದು ವಾಪಸು ಹೋಗಿ ಶಾಲೆಯ ಕಂಪ್ಯೂಟರಿಗೂ ಅಂಟಿಸಿತು. ಹತ್ತನೇ ತರಗತಿ ಮಕ್ಕಳ ಅಂಕಪಟ್ಟಿಗಳು ಎರಡು ದಿನ ಕಾಣಿಸಲಿಲ್ಲ. ಮರೆಯಾಗಿದ್ದವು ಅಷ್ಟೆ, ಆಮೇಲೆ ಸಿಕ್ಕವು. ಆದರೆ ಆ ಎರಡು ದಿನ ಕಚೇರಿಯವರು ನಿದ್ದೆ ಮಾಡಲಿಲ್ಲ. ಅವರಿಗೆ ಕಾರಣ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಇವತ್ತು ಹೇಳುತ್ತಿದ್ದೇನೆ. ದಯವಿಟ್ಟು ಕ್ಷಮಿಸಬೇಕು.

ಆ ಹೊತ್ತಿನಲ್ಲಿ ಮೇಷ್ಟ್ರಿಗೆ ಮಾತ್ರ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸುಮ್ಮನೆ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು.

"ನಿಮ್ಮಪ್ಪ ಯಾವತ್ತಾದರೂ ಲೈಸೆನ್ಸ್ ಇಲ್ಲದೆ ಮಾರುಕಟ್ಟೆಯಲ್ಲಿ ಗೂಡು ಕೊಂಡಿದ್ದರೇನೋ?"

"ಇಲ್ಲ ಸಾರ್."

"ಅವರ ಚರಕ ಮುರಿದಾಗ ಲೈಸೆನ್ಸ್ ಮುರಿಯಿತೇ?"

"ಇಲ್ಲ ಸಾರ್. ಹೊಸ ಚರಕ ಹಾಕಿಸಿಕೊಂಡರು."

"ಲೈಸೆನ್ಸ್ ಎಲ್ಲಿಡುತ್ತಿದ್ದರು?"

"ಟ್ರಂಕಿನಲ್ಲಿ ಸಾರ್."

"ಚರಕದ ಮನೆಯಲ್ಲಿ ಯಾಕೆ ಇಡುತ್ತಿರಲಿಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ. "ಅಲ್ಲಿ ಬೆಂಕಿ, ನೀರು, ಹಬೆ ಎಲ್ಲ ಇರುತ್ತೆ ಕಣಪ್ಪ. ಕೆಡುವ ಜಾಗದಲ್ಲಿ ಕಾಗದ ಇಡಬಾರದು ಅಂತ ನಿಮ್ಮಪ್ಪನಿಗೆ ಗೊತ್ತಿತ್ತು. ಹೋಗು, ಟ್ರಂಕ್ ನೋಡು" ಎಂದರು.

ಗೂಡಿನ ವ್ಯಾಪಾರ ನಮ್ಮೂರಿನ ಮಕ್ಕಳಿಗೆ ನಾನು ಹೇಳಿಕೊಡಬೇಕಾಗಿಲ್ಲ. 1959ರ ಕಾಯ್ದೆಯ ಕಾಲದಿಂದ ನಮ್ಮ ರಾಜ್ಯದಲ್ಲಿ ರೀಲರ್‌ಗೆ ಲೈಸೆನ್ಸ್ ಬೇಕು. ಆ ಲೈಸೆನ್ಸ್ ಒಂದು ಅನುಮತಿ. ಯಂತ್ರ ಬೇರೆ, ಅನುಮತಿ ಬೇರೆ. ಅಪ್ಪ 2009ರಲ್ಲಿ ತೀರಿಕೊಂಡಿದ್ದರು. ಅವರ ಟ್ರಂಕನ್ನು ನಾವು ಸರಿಯಾಗಿ ತೆರೆದೇ ಇರಲಿಲ್ಲ. ಆ ರಾತ್ರಿ ತೆರೆದೆ. ರೀಲರ್ ಲೈಸೆನ್ಸ್, ಬ್ಯಾಂಕಿನ ಪಾಸ್‌ಬುಕ್, ಮನೆಯ ಕಂದಾಯದ ರಸೀದಿಗಳು, ಅವುಗಳ ನಡುವೆ ನಾಲ್ಕು ಮಡಿಕೆ ಮಾಡಿದ ಆ ಬಿಲ್ಲು. ಬಿಲ್ ನಂಬರ್ ಇತ್ತು, ಲಾಕಿನ ಸೀರಿಯಲ್ ನಂಬರ್ ಇತ್ತು. ಗಿರಾಕಿಯ ಹೆಸರಿನ ಜಾಗದಲ್ಲಿ ಅಪ್ಪನ ಹೆಸರಿತ್ತು. ದುಡ್ಡು ಕೊಟ್ಟವರು ಅವರಲ್ಲವೇ, ಅಂಗಡಿಯವನು ಅವರ ಹೆಸರನ್ನೇ ಬರೆದಿದ್ದ. ಆರು ವರ್ಷ ಆದ ಮೇಲೆ ಅಪ್ಪ ಮತ್ತೊಂದು ಸಲ ನನ್ನ ಅಂಗಡಿ ತೆರೆಸಿಕೊಟ್ಟರು.

ಮತ್ತೆ ಫೋನ್ ಮಾಡಿದೆ. ಬಿಲ್ಲಿನ ನಕಲು, ಹಳೆಯ ಲಾಕಿನ ಫೋಟೊ, ಅಪ್ಪನ ಮರಣ ಪ್ರಮಾಣಪತ್ರ, ನಾನು ಅವರ ಮಗ ಎಂಬ ಕಾಗದ ಕಳಿಸಿದೆ. ಹಳೆಯ ಲಾಕನ್ನು ವಾಪಸು ಕಳಿಸಿ, ಹೊಸ ಆವೃತ್ತಿಗೆ ಒಂದಿಷ್ಟು ಶುಲ್ಕ ಕಟ್ಟಿದರೆ ಯು.ಎಸ್.ಬಿ. ಲಾಕ್ ಕೊಡುತ್ತೇವೆ ಎಂದರು. ಕಟ್ಟಿದೆ. ಹೊಸದಕ್ಕೆ ಕೊಡಬೇಕಾದ್ದರ ಕಾಲುಭಾಗವೂ ಆಗಲಿಲ್ಲ.

ಲಾಕ್ ಮಾತ್ರ ಬರಲಿಲ್ಲ. ಒಂದು ವಾರ ಕಾದೆ. ಎಂಟನೆಯ ದಿನ ಒಂದು ಫೋನ್ ಬಂತು: "ಸಾಹೇಬ್ರ, ನಿಮ್ಮ ಪಾರ್ಸಲ್ ಬಂದೈತ್ರಿ, ಆಫೀಸಿಗೆ ಬಂದು ತಗೊಂಡ್ ಹೋಗ್ರಿ." ಮಾತು ಕೇಳಿದ ಕೂಡಲೇ ಅರ್ಥವಾಯಿತು. ಅದಕ್ಕೂ ಹಿಂದಿನ ವರ್ಷ, 2014ರ ನವೆಂಬರ್ 1ರಂದು, ಬಿಜಾಪುರಕ್ಕೆ ವಿಜಯಪುರ ಎಂದು ಹೆಸರು ಬಂದಿತ್ತು. ನನ್ನ ಲಾಕು ಗೋಳಗುಮ್ಮಟ ನೋಡಿಕೊಂಡು ಬರಲು ಹೋಗಿತ್ತು! ನಾನು ವಿಳಾಸದಲ್ಲಿ 'ವಿಜಯಪುರ' ಎಂದಷ್ಟೇ ಬರೆದು ಪಿನ್‌ಕೋಡ್ ಬಿಟ್ಟಿದ್ದೆ. ಮಕ್ಕಳೇ, ಇನ್ನೊಂದು ಪಾಠ: ನಮ್ಮದು 562ರಿಂದ ಶುರು, ಅವರದು 586ರಿಂದ ಶುರು. ದೇವನಹಳ್ಳಿ ತಾಲ್ಲೂಕು ಎಂದು ಬರೆಯುವುದನ್ನೂ ಮರೆಯಬೇಡಿ. ನಮ್ಮ ಹಿರಿಯರು ವಡಿಗೇನಹಳ್ಳಿ ಎಂದೇ ಬರೆಯುತ್ತಿದ್ದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ ಎಂದು ಮೇಷ್ಟ್ರು ನಕ್ಕರು.

ಹನ್ನೆರಡನೆಯ ದಿನ ಲಾಕ್ ಬಂತು. ಅಷ್ಟರಲ್ಲಿ ಹೊಸ ಕಂಪ್ಯೂಟರನ್ನು ಪೂರ್ತಿ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿಸಿ, ಕದ್ದ ಪ್ರತಿಯನ್ನು ತೆಗೆದಿದ್ದೆ. ಹೊಸ ಲಾಕ್ ಸಿಕ್ಕಿಸಿ ಹಳೆಯ ಫೈಲು ತೆರೆದೆ. ಪುಸ್ತಕ ಬಂತು. "ಸರಿ ಸಾರ್, ಇನ್ನು ಅಚ್ಚಿಗೆ ಕೊಡೋಣ" ಎಂದೆ.

ಮೇಷ್ಟ್ರು, "ಈ ಲಾಕೂ ಕೆಟ್ಟರೆ?" ಎಂದರು.

ಅದು ನನಗೆ ಹೊಳೆದೇ ಇರಲಿಲ್ಲ. ಬೀಗ ಬದಲಾಯಿತು, ಆದರೆ ಅಜ್ಜಿಯರ ಹಾಡು ಬೀಗದ ಒಳಗೇ ಇತ್ತು. "ನೀನು ದುಡ್ಡು ಕೊಟ್ಟ ಅಚ್ಚಿನ ಯಂತ್ರಕ್ಕೆ ಬೀಗ ಇರಲಿ, ನ್ಯಾಯ. ಹಾಡಿಗೆ ಯಾಕೆ ಬೀಗ?" ಎಂದರು. ಆಗ ಯೂನಿಕೋಡಿಗೆ ಬದಲಾಯಿಸಲು ಕುಳಿತೆವು.

ಯೂನಿಕೋಡ್ ಅಂದರೆ ಪ್ರಪಂಚದ ಎಲ್ಲ ಲಿಪಿಗಳಿಗೂ ಒಂದೇ ಲೆಕ್ಕ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಎಲ್ಲರೂ ಒಪ್ಪಿಕೊಂಡ ಪಟ್ಟಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿದೆ. ನಮ್ಮ ಲಿಪಿಗೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ನೀವು ಫೋನಿನಲ್ಲಿ ವಾಟ್ಸಾಪ್ ಕಳಿಸುವುದು ಇದರಲ್ಲೇ. ಅದಕ್ಕೇ ನಿಮ್ಮ ಕನ್ನಡ ಯಾರ ಫೋನಿನಲ್ಲಿ ಬೇಕಾದರೂ ಓದಲು ಬರುತ್ತದೆ. ಹಳೆಯ ಫಾಂಟಿನಿಂದ ಇದಕ್ಕೆ ಬದಲಾಯಿಸುವ ಸಲಕರಣೆಗಳು ಇವೆ. ಕನ್ನಡದ ಸ್ವಯಂಸೇವಕರು ಪುಕ್ಕಟೆಯಾಗಿ ಮಾಡಿಕೊಟ್ಟವೂ ಇವೆ. ಆದರೆ ಗುಂಡಿ ಒತ್ತಿದರೆ ಮುಗಿಯಿತು ಅಂದುಕೊಳ್ಳಬೇಡಿ. 'ಸೂರ್ಯ' ಎಂದು ಬರೆಯುವಾಗ ಹಳೆಯ ಫಾಂಟಿನಲ್ಲಿ 'ಯ' ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಹಾಗೆ 'ರ್' ಮೊದಲು, 'ಯ' ಆಮೇಲೆ. ಬದಲಾಯಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ. ಒತ್ತಿನ ಮೇಲೆ ಒತ್ತು ಬಂದ ಕಡೆ ಒಂದು ಬಿದ್ದುಹೋಗುತ್ತದೆ. ಹಳ್ಳಿಯ ಮಾತಿನ ಪದಗಳಲ್ಲಿ ತಪ್ಪು ಯಾವುದು, ಸರಿ ಯಾವುದು ಎಂದು ಮೇಷ್ಟ್ರಿಗೆ ಮಾತ್ರ ಗೊತ್ತಾಗುತ್ತಿತ್ತು. ಕಣ್ಣಿನ ಪೊರೆ ತೆಗೆಸಿದ್ದರು, ವಯಸ್ಸು ಎಪ್ಪತ್ತೆಂಟು. ನಾನು ಜೋರಾಗಿ ಓದುವುದು, ಅವರು ಕೇಳಿ ತಿದ್ದುವುದು. ನಾಲ್ಕು ತಿಂಗಳು ಹಿಡಿಯಿತು. 2016ರ ಯುಗಾದಿಗೆ ಮುನ್ನೂರು ಪ್ರತಿ ಅಚ್ಚಾಗಿ ಬಂತು. ಮೊದಲ ಪ್ರತಿಯನ್ನು ಈ ಶಾಲೆಯ ಗ್ರಂಥಾಲಯಕ್ಕೆ ಅವರೇ ನಡೆದು ಬಂದು ಕೊಟ್ಟರು.

ಈಗ ಕೆಲವು ಉಪಯೋಗದ ಮಾತುಗಳು. ಇಲ್ಲಿ ಅಂಗಡಿ ಇಟ್ಟವರು, ಲೆಕ್ಕ ಬರೆಯುವವರು, ಕಚೇರಿಯವರು ಇದ್ದೀರಿ. ನಾನು ಪೆಟ್ಟು ತಿಂದು ಕಲಿತದ್ದನ್ನು ನೀವು ಕುಳಿತಲ್ಲೇ ಕಲಿಯಬಹುದು.

ಒಂದು, ತಂತ್ರಾಂಶ ಕೊಳ್ಳುವಾಗಲೇ ಕೇಳಿ: ಈ ಕಂಪ್ಯೂಟರ್ ಕೆಟ್ಟರೆ ಇದನ್ನು ಇನ್ನೊಂದಕ್ಕೆ ಒಯ್ಯಬಹುದೇ? ಎಲ್ಲವೂ ಒಂದೇ ಥರ ಇರುವುದಿಲ್ಲ. ಹೊಸ ಕಂಪ್ಯೂಟರಿನ ಜೊತೆಗೇ ಬರುವ ವಿಂಡೋಸ್ ಆ ಕಂಪ್ಯೂಟರಿಗೆ, ಅದರಲ್ಲೂ ಅದರ ಮದರ್‌ಬೋರ್ಡಿಗೆ ಅಂಟಿದ್ದು. ಹಾರ್ಡ್‌ಡಿಸ್ಕ್ ಬದಲಾಯಿಸಿದರೆ ಚಿಂತೆಯಿಲ್ಲ, ಆದರೆ ಅದನ್ನು ಬೇರೆ ಕಂಪ್ಯೂಟರಿಗೆ ಒಯ್ಯುವಂತಿಲ್ಲ. ಬಿಡಿಯಾಗಿ ಕೊಂಡ ವಿಂಡೋಸನ್ನು ಒಯ್ಯಬಹುದು, ಹಳೆಯದರಿಂದ ತೆಗೆದ ಮೇಲೆ. ಈಗಿನ ವಿಂಡೋಸಿನಲ್ಲಿ ಲೈಸೆನ್ಸನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟರೆ, ಭಾಗಗಳು ಬದಲಾದ ಮೇಲೆ ಮತ್ತೆ ಚಾಲೂ ಮಾಡುವುದು ಸುಲಭ. ಆದರೆ ಜೋಡಿಸುವ ಕೆಲಸ ಕೆಡುವ ಮುಂಚೆ ಆಗಬೇಕು.

ಎರಡು, ಹಳೆಯ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿರುವಾಗಲೇ ಅಲ್ಲಿಂದ ಲೈಸೆನ್ಸ್ ಬಿಡಿಸಿಕೊಳ್ಳಿ. ನಮ್ಮ ಊರಿನ ಮಂಡಿಗಳಲ್ಲಿ, ಅಂಗಡಿಗಳಲ್ಲಿ ಲೆಕ್ಕಕ್ಕೆ ಟ್ಯಾಲಿ ಬಳಸುತ್ತೀರಿ. 1986ರಲ್ಲಿ ಶುರುವಾದ ಬೆಂಗಳೂರಿನದೇ ಕಂಪನಿ. ಅದರಲ್ಲಿ ಲೈಸೆನ್ಸನ್ನು 'ಸರೆಂಡರ್' ಮಾಡುವ ಅನುಕೂಲ ಇದೆ. ಇಲ್ಲಿ ಒಪ್ಪಿಸಿ, ಅಲ್ಲಿ ಪಡೆಯುವುದು. ಕಂಪ್ಯೂಟರ್ ದಿಢೀರನೆ ಸತ್ತು ಒಪ್ಪಿಸಲು ಆಗದಿದ್ದರೆ ನೋಂದಾಯಿಸಿದ ಇ-ಮೇಲ್ ಮೂಲಕ ಬಿಡಿಸಿಕೊಳ್ಳುವ ದಾರಿಯೂ ಇದೆ. ಆದರೆ ಆ ಇ-ಮೇಲ್ ಯಾರದು? ಎಷ್ಟೋ ಅಂಗಡಿಗಳಲ್ಲಿ ತಂತ್ರಾಂಶ ಹಾಕಲು ಬಂದ ಹುಡುಗ ತನ್ನದೇ ಇ-ಮೇಲ್ ಕೊಟ್ಟು ಹೋಗಿರುತ್ತಾನೆ. ಈಗ ಅವನು ಎಲ್ಲಿದ್ದಾನೋ! ಇವತ್ತು ಮನೆಗೆ ಹೋಗುವ ಮುಂಚೆ ಅದೊಂದನ್ನು ನೋಡಿಕೊಳ್ಳಿ.

ಮೂರು, ಬಿಲ್ಲು, ಕೀಲಿ ಸಂಖ್ಯೆ, ಖಾತೆಯ ಹೆಸರು, ಕೊಂಡ ದಿನ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕಂಪ್ಯೂಟರಿನ ಹೊರಗೆ ಇಡಿ. ಬಿಲ್ಲಿನ ಫೋಟೊ ತೆಗೆದು ಕಂಪ್ಯೂಟರಿನಲ್ಲೇ ಇಟ್ಟರೆ ಪ್ರಯೋಜನವಿಲ್ಲ. ಲಾಕ್ ಇದ್ದರೆ ಅದನ್ನು ಚಿನ್ನದ ಹಾಗೆ ನೋಡಿಕೊಳ್ಳಿ. ಎಷ್ಟೋ ಕಡೆ ಲಾಕ್ ಕಳೆದರೆ ತಂತ್ರಾಂಶವೇ ಕಳೆದಂತೆ. ಸಿ.ಡಿ. ಇದ್ದರೆ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ಹೆದರಬೇಡಿ, ನ್ಯಾಯವಾಗಿ ಕೊಂಡವನು ಹಾಳಾಗದಿರಲೆಂದು ಒಂದು ಪ್ರತಿ ಇಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೇ ಅವಕಾಶವಿದೆ. ಕದ್ದ ಪ್ರತಿ ಎಂದು ಗೊತ್ತಿದ್ದೂ ಬಳಸಿದರೆ ಅದೇ ಕಾಯ್ದೆಯಲ್ಲಿ ಜೈಲೂ ಇದೆ, ದಂಡವೂ ಇದೆ.

ನಾಲ್ಕು, ಬರಹವನ್ನು ಎರಡು ಕಡೆ ಇಡಿ, ಮತ್ತು ಯಾವ ಬೀಗವೂ ಇಲ್ಲದ ರೂಪದಲ್ಲಿ ಒಂದು ಪ್ರತಿ ಇಡಿ. ಆರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಪ್ರತಿ ನನ್ನ ಹಳೆಯ ಹಾರ್ಡ್‌ಡಿಸ್ಕಿನ ಹಾಗೆ. ಇರುತ್ತದೆ, ಸಿಗುವುದಿಲ್ಲ.

ಮಕ್ಕಳೇ, ನಿಮಗೆ ದುಡ್ಡು ಕೊಟ್ಟು ಕೊಳ್ಳಲು ಆಗದಿದ್ದರೆ ಕದಿಯಬೇಕಾಗಿಲ್ಲ. ಸ್ವತಂತ್ರ ತಂತ್ರಾಂಶಗಳಿವೆ. ಲಿಬ್ರೆ ಆಫೀಸ್ ಇದೆ, ಕನ್ನಡದಲ್ಲೇ ಬಳಸಬಹುದು. ಉಬುಂಟು ಇದೆ. ಇವನ್ನು ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷಗಳಿಂದ ಇವುಗಳಲ್ಲೇ ಕಲಿಯುತ್ತಿದ್ದಾರೆ. ನಾನು ಈಗಲೂ ಅಂಗಡಿಯಲ್ಲಿ ಆ ಲಾಕಿನ ತಂತ್ರಾಂಶವನ್ನು ಬಳಸುತ್ತೇನೆ, ಅದರ ಅಕ್ಷರಗಳು ಅಂದವಾಗಿವೆ, ಅದನ್ನು ಮಾಡಿದವರ ದುಡಿಮೆಗೆ ದುಡ್ಡು ಕೊಡುವುದು ಸರಿ. ಆದರೆ ಬರಹವನ್ನು ಮೊದಲು ಯೂನಿಕೋಡಿನಲ್ಲಿ ಟೈಪ್ ಮಾಡಿಟ್ಟು, ಆಮೇಲೆ ಅಲಂಕಾರಕ್ಕೆ ಅದರೊಳಗೆ ಹಾಕುತ್ತೇನೆ. ಈ ಸುವರ್ಣ ಮಹೋತ್ಸವದ ಸಂಚಿಕೆಯನ್ನೂ ಹಾಗೆಯೇ ಮಾಡುತ್ತಿದ್ದೇವೆ. ವಜ್ರಮಹೋತ್ಸವ ಮಾಡುವ ಮಕ್ಕಳು ಇದನ್ನು ತೆರೆಯಲು ಯಾರಿಗೂ ಫೋನ್ ಮಾಡಬೇಕಾಗದಿರಲಿ.

ಮೇಷ್ಟ್ರು ಈಗ ಇಲ್ಲ. ಪುಸ್ತಕದ ಮುನ್ನೂರು ಪ್ರತಿಗಳೂ ಮುಗಿದಿವೆ. ಹೋದ ವಾರ ಈ ಕಾರ್ಯಕ್ರಮದ ತಯಾರಿಗೆ ಶಾಲೆಗೆ ಬಂದಿದ್ದಾಗ ಎಂಟನೇ ತರಗತಿಯ ಒಬ್ಬ ಹುಡುಗಿ ಬಂದು, "ಅಂಕಲ್, ನಮ್ಮ ಮುತ್ತಜ್ಜಿ ಹೇಳಿದ ಪದ ಆ ಪುಸ್ತಕದಲ್ಲಿ ಇದೆಯಂತೆ, ಹೌದಾ?" ಎಂದು ಕೇಳಿದಳು. ಅವಳ ಅಮ್ಮನ ಫೋನಿಗೆ ಅಲ್ಲೇ ಫೈಲು ಕಳಿಸಿದೆ. ತೆರೆಯಿತು. ಹಳ್ಳಿಯ ಹೆಸರು ಹಾಕಿ ಹುಡುಕಿದಳು, ಸಿಕ್ಕಿತು. ಮೆಟ್ಟಿಲ ಮೇಲೆ ಕುಳಿತು ಓದಿದಳು. ಎರಡು ಕಡೆ ತಡವರಿಸಿದಳು, ನಾನು ಮೇಷ್ಟ್ರ ಹಾಗೆ ತಿದ್ದಿದೆ.